ಗಾಳಿಗೆ ಅರ್ಧ ದಾರಿ ಬಿಡಿ

ಪ್ರಶ್ನೆ: ಶ್ರೀನಿವಾಸಪುರ ತಾಲ್ಲೂಕಿನಲ್ಲಿ ನಮ್ಮದೊಂದು ಮಾವಿನ ತೋಪಿದೆ. ಬೇನಿಷಾ, ತೋತಾಪುರಿ ಮರಗಳೇ ಹೆಚ್ಚು. ಏಪ್ರಿಲ್, ಮೇ ತಿಂಗಳಲ್ಲಿ ಮಳೆಗೆ ಮುಂಚೆ ಬೀಸುವ ಗಾಳಿಗೆ ಕಾಯಿ ರಾಶಿರಾಶಿ ಉದುರುತ್ತವೆ. ಪಡುವಣ ಬದುವಿಗೆ ಎತ್ತರದ ಕಾಂಪೌಂಡ್ ಹಾಕಿಸಿ ಎಂದು ಕೆಲವರು, ಸರ್ವೆ ಸಾಲು ನೆಡಿ ಎಂದು ಇನ್ನು ಕೆಲವರು ಹೇಳುತ್ತಾರೆ. ವಿಮಾನ ಪರೀಕ್ಷಿಸುವ ಗಾಳಿ ಸುರಂಗದಲ್ಲಿ ಗಿಡಮರಗಳನ್ನೂ ಇಟ್ಟು ನೋಡುತ್ತಾರೆ ಎಂದು ಕಾಲೇಜಿಗೆ ಹೋಗುವ ಮಗಳು ಹೇಳಿದಳು. ಗಿಡದ ನಡುವೆ ಗಾಳಿ ಹೇಗೆ ಹಾಯುತ್ತದೆ? ಅದನ್ನು ಸುರಂಗದಲ್ಲಿ ಹೇಗೆ ತಿಳಿಯುತ್ತಾರೆ? ಅದರಿಂದ ನಮ್ಮಂಥ ರೈತರಿಗೆ ಏನು ಪ್ರಯೋಜನ?

— ಓದುಗರು, ಶ್ರೀನಿವಾಸಪುರ

ಉತ್ತರ: ಬೇಸಾಯದ ಮಾತನ್ನೇ ಮೊದಲು ಹೇಳಿಬಿಡುತ್ತೇನೆ. ಕಾಂಪೌಂಡ್ ಗೋಡೆಗೆ ದುಡ್ಡು ಹಾಕಬೇಡಿ, ಮರದ ಸಾಲು ನೆಡಿ. ಅದನ್ನೂ ಸಂದಿಲ್ಲದ ಹಾಗೆ ಒತ್ತಾಗಿ ಬೆಳೆಸಬೇಡಿ. ಬೀಸಿದ ಗಾಳಿಯಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಎಲೆ ಕೊಂಬೆಗಳ ನಡುವೆ ನುಸುಳಿ ಈಚೆ ಬರಬೇಕು. ಗಾಳಿಯನ್ನು ಪೂರ್ತಿ ತಡೆಯುವ ಗೋಡೆಗಿಂತ ಅರ್ಧ ಬಿಟ್ಟುಕೊಡುವ ಬೇಲಿ ಹೆಚ್ಚು ದೂರದವರೆಗೆ ತೋಟವನ್ನು ಕಾಯುತ್ತದೆ. ಗಾಳಿ ಸುರಂಗದಲ್ಲೂ ಬಯಲಿನಲ್ಲೂ ಹಲವು ದಶಕಗಳಿಂದ ಅಳೆದು ನೋಡಿ ಖಚಿತಪಡಿಸಿಕೊಂಡ ಸಂಗತಿ ಇದು. ಹೀಗೇಕೆ ಎಂಬುದನ್ನು ನಿಮ್ಮ ಪ್ರಶ್ನೆಗಳ ಜಾಡಿನಲ್ಲೇ ನೋಡೋಣ.

ಸುರಂಗದೊಳಗೆ ಏನಿದೆ?

ಗಾಳಿ ಸುರಂಗ ನೋಡಲು ನೀವು ದೂರ ಹೋಗಬೇಕಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1942ರಲ್ಲಿ ವಿಮಾನ ಎಂಜಿನಿಯರಿಂಗ್ ವಿಭಾಗ ಶುರುವಾಯಿತು. 1950ರ ದಶಕದಲ್ಲಿ ಅಲ್ಲಿ ಒಂದು ದೊಡ್ಡ ಗಾಳಿ ಸುರಂಗ ಎದ್ದು ನಿಂತಿತು. ಮಾದರಿ ಇಡುವ ಅದರ ಕೋಣೆಯೇ 14 ಅಡಿ ಅಗಲ, 9 ಅಡಿ ಎತ್ತರ. ಶಬ್ದಕ್ಕಿಂತ ವೇಗವಾಗಿ ಗಾಳಿ ಹರಿಸುವ ದೇಶದ ಮೊದಲ ಸುರಂಗವನ್ನು ಸತೀಶ್ ಧವನ್ ಕಟ್ಟಿದ್ದೂ ಅದೇ ಸಂಸ್ಥೆಯಲ್ಲಿ. 1959ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ, ಅಂದರೆ ಎನ್‌ಎಎಲ್, 1967ರಲ್ಲಿ ತನ್ನ 1.2 ಮೀಟರಿನ ಸುರಂಗವನ್ನು ಚಾಲೂ ಮಾಡಿತು. ನಮ್ಮ ದೇಶದ ವಿಮಾನ, ರಾಕೆಟ್ಟುಗಳ ಮಾದರಿಗಳು ಮೊದಲು ಗಾಳಿ ಕಂಡದ್ದು ಇಂಥ ಕೋಣೆಗಳಲ್ಲಿ.

ಒಳಗಿನ ಏರ್ಪಾಡು ಸರಳ. ಉದ್ದನೆಯ ಕಟ್ಟಡದ ಒಂದು ತುದಿಯಲ್ಲಿ ಭಾರಿ ಫ್ಯಾನು ಗಾಳಿಯನ್ನು ಎಳೆಯುತ್ತದೆ. ಇನ್ನೊಂದು ತುದಿಯ ಅಗಲವಾದ ಬಾಯಿಂದ ಗಾಳಿ ಒಳನುಗ್ಗುತ್ತದೆ. ಬಾಯಲ್ಲಿರುವ ಜಾಲರಿಗಳು ಅದರ ಸುಳಿಗಳನ್ನು ಮುರಿದು ಸಮವಾಗಿ ಹರಿಯುವಂತೆ ಮಾಡುತ್ತವೆ. ಆಮೇಲೆ ದಾರಿ ಕಿರಿದಾಗಿ ವೇಗ ಏರುತ್ತದೆ. ಅಲ್ಲಿಯೇ ಮಾದರಿ ಇಡುವ ಕೋಣೆ. ವಿಮಾನವಾದರೆ ಮಾದರಿ ಚಲಿಸಬೇಕಿಲ್ಲ. ಅದನ್ನು ನಿಲ್ಲಿಸಿ ಗಾಳಿಯನ್ನು ಹಾಯಿಸಿದರೂ ಬಲಗಳು ಅವೇ.

ಗಿಡಮರಗಳ ಪರೀಕ್ಷೆಗೆ ಒಂದು ಬದಲಾವಣೆ ಬೇಕು. ವಿಮಾನ ಹಾರುವ ಎತ್ತರದ ಗಾಳಿ ಬೇರೆ, ಹೊಲದ ಮೇಲಿನ ಗಾಳಿ ಬೇರೆ. ನೆಲಕ್ಕೆ ಹತ್ತಿರವಾದಷ್ಟೂ ಗಾಳಿ ನಿಧಾನವಾಗುತ್ತದೆ, ಅದರಲ್ಲಿ ಸುಳಿಗಳೂ ಹೆಚ್ಚು. ಸುರಂಗದಲ್ಲಿ ಅಂಥ ಗಾಳಿ ಹುಟ್ಟಿಸಲು ಮಾದರಿಗೆ ಮುಂಚೆ ನೆಲದ ಉದ್ದಕ್ಕೂ ಸಣ್ಣ ಸಣ್ಣ ದಿಮ್ಮಿಗಳನ್ನು ಸಾಲಾಗಿ ಜೋಡಿಸುತ್ತಾರೆ. ಇದರ ಮಹತ್ವವನ್ನು ತೋರಿಸಿಕೊಟ್ಟವರು ಡೆನ್ಮಾರ್ಕಿನ ಎಂಜಿನಿಯರ್ ಮಾರ್ಟಿನ್ ಜೆನ್ಸನ್. ಬೇಲಿಗಳ ಮರೆಯ ಬಗ್ಗೆ ಅವರ ದೊಡ್ಡ ಅಧ್ಯಯನ ಪ್ರಕಟವಾದದ್ದು 1954ರಲ್ಲಿ. ಸುರಂಗದ ನೆಲ ನುಣುಪಾಗಿದ್ದರೆ ಬೇಲಿಯ ಹಿಂದಿನ ಗಾಳಿಯ ಲೆಕ್ಕ ತಪ್ಪುತ್ತದೆ, ಬೇಲಿಯನ್ನು ಎಷ್ಟು ಪಟ್ಟು ಚಿಕ್ಕದು ಮಾಡುತ್ತೇವೋ ನೆಲದ ಒರಟುತನವನ್ನೂ ಅಷ್ಟೇ ಪಟ್ಟು ಚಿಕ್ಕದು ಮಾಡಬೇಕು ಎಂದು ಅವರು ತೋರಿಸಿದರು. ಇಂದು ಸೇತುವೆ, ಗಗನಚುಂಬಿ ಕಟ್ಟಡಗಳ ಮಾದರಿಗಳನ್ನು ಪರೀಕ್ಷಿಸುವವರೂ ಇದೇ ನಿಯಮ ಪಾಲಿಸುತ್ತಾರೆ. ರೈತರ ಬೇಲಿಯನ್ನು ಅರಿಯಲು ಹೊರಟ ಕೆಲಸದಿಂದ ನಗರಗಳಿಗೂ ಉಪಕಾರವಾಯಿತು.

ಕಣ್ಣಿಗೆ ಕಾಣದ ಗಾಳಿಯನ್ನು ಅಳೆಯುವುದು ಹೇಗೆ? ಹೊಗೆ ಬಿಟ್ಟು ಅದರ ಎಳೆಗಳು ಸಾಗುವ ದಾರಿ ನೋಡುವುದು ಹಳೆಯ ಉಪಾಯ. ಕೂದಲಿಗಿಂತ ತೆಳುವಾದ ತಂತಿಯನ್ನು ಕಾಯಿಸಿ ಗಾಳಿಗೆ ಒಡ್ಡುವುದು ಇನ್ನೊಂದು. ಗಾಳಿ ಜೋರಾದಷ್ಟೂ ತಂತಿ ಬೇಗ ತಣಿಯುತ್ತದೆ, ಅದನ್ನು ಬಿಸಿಯಾಗಿಯೇ ಇಡಲು ಬೇಕಾಗುವ ವಿದ್ಯುತ್ತಿನಿಂದ ವೇಗ ತಿಳಿಯುತ್ತದೆ. ಈಗ ಗಾಳಿಯಲ್ಲಿ ಅತಿ ಸಣ್ಣ ಹನಿಗಳನ್ನು ತೇಲಿಬಿಟ್ಟು, ಲೇಸರ್ ಬೆಳಕು ಹಾಯಿಸಿ, ಕಣ್ಣು ಮಿಟುಕಿಸುವುದಕ್ಕಿಂತ ಬೇಗ ಎರಡು ಚಿತ್ರ ತೆಗೆದು, ಹನಿಗಳ ಪ್ರತಿಯೊಂದು ಗುಂಪು ಎಷ್ಟು ಸರಿಯಿತು ಎಂದು ಕಂಪ್ಯೂಟರಿನಿಂದ ಲೆಕ್ಕ ಹಾಕುತ್ತಾರೆ. ಗಿಡದ ಬುಡವನ್ನು ಬಲ ಅಳೆಯುವ ತಕ್ಕಡಿಗೆ ಕಟ್ಟಿದರೆ, ಗಾಳಿ ಅದನ್ನು ಎಷ್ಟು ತಳ್ಳುತ್ತಿದೆ ಎಂಬುದೂ ಗೊತ್ತಾಗುತ್ತದೆ.

ಬಾಗುವ ಎಲೆ, ಬಾಗದ ಗೋಡೆ

ಬಾಗದ ವಸ್ತುವಿನ ಮೇಲೆ ಗಾಳಿಯ ವೇಗ ಎರಡು ಪಟ್ಟಾದರೆ ಬಲ ನಾಲ್ಕು ಪಟ್ಟಾಗುತ್ತದೆ. ಕೋಲಾರ ಸೀಮೆ ಸಮುದ್ರಮಟ್ಟದಿಂದ ಸುಮಾರು 850 ಮೀಟರ್ ಎತ್ತರದಲ್ಲಿದೆ, ಗಾಳಿ ಕರಾವಳಿಗಿಂತ ಕೊಂಚ ತೆಳು. ಅದನ್ನು ಲೆಕ್ಕಕ್ಕೆ ಹಿಡಿದರೂ ಬೇಸಿಗೆಯಲ್ಲಿ ಗಂಟೆಗೆ 36 ಕಿ.ಮೀ. ವೇಗದ ಗಾಳಿ ಒಂದು ಚದರ ಮೀಟರಿನ ಮೇಲೆ ಸುಮಾರು ಐದೂವರೆ ಕೆ.ಜಿ. ತೂಕದಷ್ಟು ಒತ್ತಡ ಹಾಕುತ್ತದೆ. 72 ಕಿ.ಮೀ. ವೇಗಕ್ಕೆ ಅದು ಹತ್ತಿರ ಹತ್ತಿರ 22 ಕೆ.ಜಿ. ಆಗುತ್ತದೆ. ದೊಡ್ಡ ಮಾವಿನ ಮರದ ನೆತ್ತಿ ಹಲವಾರು ಚದರ ಮೀಟರ್ ಹರಡಿರುತ್ತದೆ. ಅದು ಹಲಗೆಯ ಹಾಗೆ ಬಿಗಿಯಾಗಿ ನಿಂತಿದ್ದರೆ ಮೊದಲ ಬಿರುಗಾಳಿಗೇ ಬುಡಮೇಲಾಗುತ್ತಿತ್ತು.

ಮರ ಹಾಗೆ ನಿಲ್ಲುವುದಿಲ್ಲ. ಬ್ರಿಟನ್ನಿನ ಅರಣ್ಯ ಸಂಶೋಧಕ ಎ. ಐ. ಫ್ರೇಸರ್ 1960ರ ದಶಕದ ಆರಂಭದಲ್ಲಿ ಚಿಕ್ಕ ಮರಗಳನ್ನೇ ಗಾಳಿ ಸುರಂಗದೊಳಗೆ ನಿಲ್ಲಿಸಿ ಬಲ ಅಳೆದರು. ವೇಗ ಎರಡು ಪಟ್ಟಾದಾಗ ಬಲ ನಾಲ್ಕು ಪಟ್ಟು ಏರಲಿಲ್ಲ, ಹೆಚ್ಚು ಕಡಿಮೆ ವೇಗಕ್ಕೆ ತಕ್ಕಷ್ಟೇ ಏರಿತು. ಎಲೆಗಳು ಒಂದರ ಮೇಲೊಂದು ಮಡಚಿಕೊಂಡವು, ಕೊಂಬೆಗಳು ಗಾಳಿಯ ದಿಕ್ಕಿಗೆ ವಾಲಿ ಒತ್ತಾದವು, ಎದುರೊಡ್ಡುವ ವಿಸ್ತಾರವೇ ಕುಗ್ಗಿತು. 2004ರಲ್ಲಿ ಕೆನಡಾದ ಸೂಚಿಪರ್ಣಿ ಮರಗಳ ಮೇಲೆ ಇಂಥದೇ ಪರೀಕ್ಷೆ ನಡೆದಾಗ, ಜೋರು ಗಾಳಿಯಲ್ಲಿ ಮರದ ಎದುರು ವಿಸ್ತಾರ ಮೂರನೇ ಒಂದು ಭಾಗಕ್ಕಿಂತಲೂ ಹೆಚ್ಚಾಗಿ ಕುಗ್ಗಿದ್ದು ಕಂಡುಬಂತು.

ಎಲೆಯೊಂದರ ಮಟ್ಟದಲ್ಲಿ ಇದನ್ನು ಚೆನ್ನಾಗಿ ತೋರಿಸಿದವರು ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಸ್ಟೀವನ್ ವೋಗೆಲ್. 1989ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ, ಗಾಳಿ ಜೋರಾದಂತೆ ಅಗಲವಾದ ಎಲೆಗಳು ತೊಟ್ಟಿನ ಸುತ್ತ ಸುರುಳಿ ಸುತ್ತಿ ಶಂಕುವಿನ ಆಕಾರ ತಾಳಿದವು. ಸುರುಳಿಯಾದ ಎಲೆ ಬಡಿದಾಡುವುದಿಲ್ಲ, ಹರಿಯುವುದಿಲ್ಲ. ಕೆಲವು ಮರಗಳಲ್ಲಿ ಹಲವು ಎಲೆಗಳು ಒಟ್ಟಾಗಿ ಒಂದೇ ಸುರುಳಿಯಾಗುತ್ತವೆ.

ನಿಮ್ಮ ಮಾವಿನ ಮರಕ್ಕೂ ಈ ಗುಣ ಇದೆ. ಅದರ ದೊಡ್ಡ ಕೊಂಬೆಗಳು ಒಂದೇ ತಾಳದಲ್ಲಿ ತೂಗುವುದಿಲ್ಲ. ಒಂದು ಮುಂದಕ್ಕೆ ವಾಲಿದಾಗ ಇನ್ನೊಂದು ಹಿಂದಕ್ಕೆ ಬರುತ್ತಿರುತ್ತದೆ. ಹೀಗೆ ಅವು ಪರಸ್ಪರ ತೂಗಾಟವನ್ನು ಕುಗ್ಗಿಸುತ್ತವೆ. ಹಾಗಿದ್ದರೂ ಕಾಯಿ ಉದುರುವುದೇಕೆಂದರೆ ತೊಟ್ಟಿಗೆ ಈ ಅನುಕೂಲವಿಲ್ಲ. ಭಾರವಾದ ಕಾಯಿ ಕೊಂಬೆಯ ತುದಿಯಲ್ಲಿ ನೇತಾಡುತ್ತದೆ. ಸುಳಿಗಾಳಿ ಕೊಂಬೆಯನ್ನು ಒಮ್ಮೆ ಈ ಕಡೆ, ಮರುಕ್ಷಣ ಆ ಕಡೆ ಎಳೆದಾಗ ಕಾಯಿ ಹಿಂದೆ ಉಳಿದು ತೊಟ್ಟಿಗೆ ಜಗ್ಗು ಬೀಳುತ್ತದೆ. ಒಂದೇ ಸಮನೆ ಬೀಸುವ ಗಾಳಿಗಿಂತ ತಿರುತಿರುಗಿ ಹೊಡೆಯುವ ಸುಳಿಯೇ ಕಾಯಿಗೆ ಹೆಚ್ಚು ಅಪಾಯ. ಗೋಡೆಯ ಸಂಗತಿ ಬರುವುದು ಇಲ್ಲಿಯೇ.

ಗೋಡೆಯ ಹಿಂದೆ ಏನಾಗುತ್ತದೆ?

ಹರಿಯುವ ಕಾಲುವೆಗೆ ಅಡ್ಡಲಾಗಿ ಹಲಗೆ ಇಟ್ಟರೆ ನೀರು ಅದರ ಮೇಲೆ ಹಾರಿ, ಹಿಂದೆ ಬಿದ್ದು, ಮಣ್ಣು ಕೊರೆಯುವಷ್ಟು ಸುಳಿ ಎಬ್ಬಿಸುತ್ತದೆ. ಅದೇ ಜಾಗದಲ್ಲಿ ಮುಳ್ಳುಕಂತೆ ಇಟ್ಟರೆ ನೀರು ನಡುವೆ ನುಸುಳಿ ಶಾಂತವಾಗಿ ಮುಂದೆ ಹೋಗುತ್ತದೆ. ಗಾಳಿಯದೂ ಇದೇ ನಡವಳಿಕೆ. ಗೋಡೆಗೆ ತಗುಲಿದ ಗಾಳಿ ಮೇಲಕ್ಕೆ ಹಾರುತ್ತದೆ. ಗೋಡೆಯ ಹಿಂದೆ ಒತ್ತಡ ಇಳಿದಿರುವುದರಿಂದ ಹಾರಿದ ಗಾಳಿಯನ್ನು ಅದು ಕೆಳಕ್ಕೆ ಎಳೆದುಕೊಳ್ಳುತ್ತದೆ. ಅಲ್ಲಿ ದೊಡ್ಡ ಸುಳಿ ಹುಟ್ಟುತ್ತದೆ, ನೆಲದ ಹತ್ತಿರ ಗಾಳಿ ಹಿಮ್ಮುಖವಾಗಿ ಕೂಡ ಬೀಸುತ್ತದೆ. ಗೋಡೆಯ ಬುಡದಲ್ಲಿ ನಿಂತವರಿಗೆ ತಣ್ಣಗೆ ಅನಿಸಬಹುದು, ಆದರೆ ಸ್ವಲ್ಪ ಆಚೆಗೆ ಗಾಳಿ ಸುಳಿಯೊಡನೆ ಮತ್ತೆ ವೇಗ ಪಡೆಯುತ್ತದೆ.

ಮರದ ಸಾಲಿನಲ್ಲಿ ಗಾಳಿಯ ಒಂದು ಪಾಲು ಮೇಲೆ ಹೋಗುತ್ತದೆ, ಇನ್ನೊಂದು ಪಾಲು ಒಳಗೆ ನುಸುಳುತ್ತದೆ. ನುಸುಳಿದ ಗಾಳಿ ಎಲೆಎಲೆಗೂ ತಾಗಿ ಶಕ್ತಿ ಕಳೆದುಕೊಳ್ಳುತ್ತದೆ. ದೊಡ್ಡ ಸುಳಿಗಳು ಪುಡಿಯಾಗಿ ಸಣ್ಣವಾಗುತ್ತವೆ, ಸಣ್ಣವು ಬೇಗ ಅಡಗುತ್ತವೆ. ಈ ನಿಧಾನವಾದ ಗಾಳಿ ಸಾಲಿನ ಹಿಂದೆ ಮೆತ್ತೆ ಹಾಸಿದಂತೆ ಹರಡಿ, ಮೇಲೆ ಹಾರಿದ ಗಾಳಿಯನ್ನು ಬೇಗ ಕೆಳಗಿಳಿಯಲು ಬಿಡುವುದಿಲ್ಲ. ಸುರಂಗದಲ್ಲಿ ಬೇರೆ ಬೇರೆ ಸಂದಿನ ಬೇಲಿಗಳನ್ನು ಇಟ್ಟು ನೋಡಿದಾಗ, ಬೇಲಿಯಲ್ಲಿ ಶೇಕಡ 40ರಿಂದ 50ರಷ್ಟು ತೆರಪು ಇದ್ದರೆ ಮರೆ ಅತಿ ದೂರದವರೆಗೆ ಸಿಗುತ್ತದೆ ಎಂದು ಕಂಡಿದೆ.

ಮರೆಯ ಅಳತೆಯನ್ನು ಸಾಲಿನ ಎತ್ತರದಿಂದಲೇ ಹೇಳುವುದು ರೂಢಿ. ಎತ್ತರದ ಮೂರರಿಂದ ಆರು ಪಟ್ಟು ದೂರದಲ್ಲಿ ಗಾಳಿ ಅತಿ ಕಡಿಮೆ. ಹತ್ತು ಪಟ್ಟು ದೂರದವರೆಗೂ ಒಳ್ಳೆಯ ಮರೆ, ಇಪ್ಪತ್ತು ಪಟ್ಟಿನ ಹೊತ್ತಿಗೆ ಗಾಳಿ ಬಹುಪಾಲು ಹಳೆಯ ವೇಗಕ್ಕೆ ಬರುತ್ತದೆ. ಸಾಲಿನ ಎತ್ತರ 10 ಮೀಟರ್ ಇದ್ದರೆ ಸುಮಾರು 100 ಮೀಟರ್ ದೂರ ನೆಲದ ಬೆಳೆಗೆ ಪ್ರಯೋಜನ. ಟೊಮೆಟೊ, ರಾಗಿಗೆ ಈ ಲೆಕ್ಕ ನೇರವಾಗಿ ಒಪ್ಪುತ್ತದೆ. ಮಾವು ತಾನೇ ಎತ್ತರದ ಮರವಾದ್ದರಿಂದ ಅದರ ನೆತ್ತಿಗೆ ಸಿಗುವ ಮರೆ ಇದಕ್ಕಿಂತ ಕಡಿಮೆ. ಹಾಗಾಗಿ ಸಾಲು ಮಾವಿಗಿಂತ ಎತ್ತರ ಬೆಳೆಯಲೇಬೇಕು.

ಕೋಲಾರದ ಸಾಲಿಗೆ ಯಾವ ಮರ?

ಸರ್ವೆ, ಸಿಲ್ವರ್ ಓಕ್ ಎರಡೂ ಒಪ್ಪುತ್ತವೆ. ಸರ್ವೆಯ ಸೂಜಿಯಂಥ ಎಳೆಗಳ ನಡುವೆ ಗಾಳಿ ತಾನಾಗಿಯೇ ಸೋಸಿ ಬರುತ್ತದೆ. ಸಿಲ್ವರ್ ಓಕ್ ನೆಟ್ಟಗೆ ಎತ್ತರಕ್ಕೆ ಹೋಗುತ್ತದೆ. ಎರಡು ಸಾಲು ನೆಡುವುದಾದರೆ ಒಂದರ ಸಂದಿಗೆ ಇನ್ನೊಂದು ಬರುವಂತೆ ನೆಡಿ. ಬುಡದ ಕಡೆ ಗಮನ ಕೊಡಿ. ಕೆಳಗಿನ ರೆಂಬೆಗಳನ್ನು ಸೌದೆಗೆಂದು ಕಡಿದರೆ, ಮೇಕೆ ಮೇಯ್ದರೆ ಸಾಲಿನ ಕೆಳಭಾಗ ಬರಿದಾಗುತ್ತದೆ. ಆ ಇಕ್ಕಟ್ಟಿನಲ್ಲಿ ಗಾಳಿ ಬಯಲಿಗಿಂತ ಜೋರಾಗಿ ನುಗ್ಗುತ್ತದೆ. ಅದಕ್ಕಾಗಿ ಎತ್ತರದ ಮರಗಳ ಕೆಳಗೆ ಗ್ಲಿರಿಸೀಡಿಯಾದಂಥ ಪೊದೆ ಗಿಡ ಇರಲಿ. ಹಸಿರೆಲೆ ಗೊಬ್ಬರವೂ ಸಿಗುತ್ತದೆ. ಬಂಡಿದಾರಿಗೆಂದು ಸಾಲಿನ ನಡುವೆ ಬಾಯಿ ಬಿಟ್ಟರೂ ಅದೇ ತೊಂದರೆ. ದಾರಿಯನ್ನು ಓರೆಯಾಗಿ ಬಿಡಿ. ಸಾಲಿನ ತುದಿಗಳಲ್ಲಿಯೂ ಗಾಳಿ ಸುತ್ತಿಬರುವುದರಿಂದ ಕಾಯಬೇಕಾದ ಜಾಗಕ್ಕಿಂತ ಸಾಲು ಕೊಂಚ ಉದ್ದವಿರಲಿ. ಬೇರು ತೋಟಕ್ಕೆ ಹರಿಯದಂತೆ ನಡುವೆ ಒಂದು ಟ್ರೆಂಚ್ ತೆಗೆಯಿರಿ.

ನೀಲಗಿರಿ ಮಾತ್ರ ಬೇಡ. ಮಾಲೂರು, ಕೋಲಾರ ತಾಲ್ಲೂಕುಗಳಲ್ಲಿ ಅದು ನೀರು ಹೀರಿದ ಕತೆ ಎಲ್ಲರಿಗೂ ಗೊತ್ತು. ಗಾಳಿಯ ದೃಷ್ಟಿಯಿಂದಲೂ ಅದನ್ನು ಅರ್ಥ ಮಾಡಿಕೊಳ್ಳಬಹುದು. ಪ್ರತಿ ಎಲೆಗೂ ಅಂಟಿಕೊಂಡಂತೆ ನಿಶ್ಚಲ ಗಾಳಿಯ ತೆಳುವಾದ ಪದರ ಇರುತ್ತದೆ. 10 ಸೆಂಟಿಮೀಟರ್ ಉದ್ದದ ಎಲೆಯ ಮೇಲೆ ಮಂದ ಗಾಳಿಯಲ್ಲಿ ಅದರ ದಪ್ಪ ಒಂದು ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚು. ಎಲೆ ಬಿಟ್ಟ ನೀರಾವಿ ಈ ಪದರ ದಾಟಿಯೇ ಹೊರಹೋಗಬೇಕು. ನೆಲಕ್ಕೆ ಹತ್ತಿರದ ಒತ್ತಾದ ಬೆಳೆಯಲ್ಲಿ ತೇವ ಅಲ್ಲಿಯೇ ಉಳಿಯುತ್ತದೆ. ಎತ್ತರದ, ಒರಟು ನೆತ್ತಿಯ ಮರಗಳಲ್ಲಿ ಗಾಳಿ ಪದರವನ್ನು ಸದಾ ಕದಡಿ ತೇವವನ್ನು ಒಯ್ಯುತ್ತಿರುತ್ತದೆ. ಬೇರಿಗೆ ಆಳದಲ್ಲಿ ನೀರು ಸಿಗುತ್ತಿರುವ ತನಕ ಮರ ಅದನ್ನು ಮೇಲೆತ್ತುತ್ತಲೇ ಇರುತ್ತದೆ. ಮಾಲೂರಿಗೆ ಅಂಟಿಕೊಂಡ ಹೊಸಕೋಟೆಯಲ್ಲಿ ಬ್ರಿಟನ್ನಿನ ಇಯಾನ್ ಕ್ಯಾಲ್ಡರ್ ಮತ್ತು ಭಾರತದ ಸಂಶೋಧಕರು ನಡೆಸಿದ ಅಧ್ಯಯನದಲ್ಲಿ, ಆಳ ಮಣ್ಣಿನ ನೆಲದ ನೀಲಗಿರಿ ತೋಪು ಬಿದ್ದ ಮಳೆಗಿಂತ ಹೆಚ್ಚು ನೀರನ್ನು ಬಳಸಿತ್ತು. ಹೊಸದಾಗಿ ನೀಲಗಿರಿ ನೆಡುವುದನ್ನು ರಾಜ್ಯ ಸರ್ಕಾರ 2017ರಲ್ಲಿ ನಿಷೇಧಿಸಿತು. ವರ್ಷವಿಡೀ ಹರಿಯುವ ನದಿಯಿಲ್ಲದ, ಕೆರೆ ಮತ್ತು ಬೋರ್‌ವೆಲ್ ನಂಬಿದ ಸೀಮೆಗೆ ಅದು ಸರಿಯಾದ ತೀರ್ಮಾನ.

ಗಾಳಿ ಬೇಕಾದ ಜಾಗಗಳು

ಗಾಳಿ ಬರೀ ಶತ್ರುವಲ್ಲ. ಮಾವಿನ ಮರದ ನಡುಭಾಗ ಕಿಕ್ಕಿರಿದಿದ್ದರೆ ಬೆಳಕೂ ಗಾಳಿಯೂ ಒಳಗೆ ಹೋಗುವುದಿಲ್ಲ. ಅಂಥ ನೆರಳಿನ, ಒತ್ತಾದ ತೋಪಿನಲ್ಲಿ ಜಿಗಿಹುಳುವಿನ ಕಾಟ ಹೆಚ್ಚು. ಕೊಯ್ಲಾದ ಮೇಲೆ ನಡುವಿನ ಒಂದೆರಡು ಕೊಂಬೆ ತೆಗೆದು ನೆತ್ತಿ ಬಿಡಿಸಿದರೆ ಗಾಳಿ ಒಳಗೆ ಆಡುತ್ತದೆ. ಬಿರುಗಾಳಿ ಬಂದಾಗ ಮರಕ್ಕೆ ಬೀಳುವ ಹೊಡೆತವೂ ಇಳಿಯುತ್ತದೆ.

ಟೊಮೆಟೊಗೆ ಇದು ಇನ್ನೂ ಮುಖ್ಯ. ಕೋಲಾರ, ಮುಳಬಾಗಿಲು ಕಡೆಯ ರೈತರು ಕಡ್ಡಿ ನೆಟ್ಟು ದಾರ ಕಟ್ಟಿ ಗಿಡವನ್ನು ನಿಲ್ಲಿಸುವುದರಿಂದ ಹಣ್ಣು ನೆಲಕ್ಕೆ ತಾಗುವುದಿಲ್ಲ, ಜೊತೆಗೆ ಎಲೆಗಳ ನಡುವೆ ಗಾಳಿ ಹಾಯುತ್ತದೆ. ಅಂಗಮಾರಿ ರೋಗದ ಬೀಜಾಣು ಮೊಳೆಯಲು ಎಲೆ ಗಂಟೆಗಟ್ಟಲೆ ಒದ್ದೆಯಾಗಿರಬೇಕು. ಬೆಳಗಿನ ಇಬ್ಬನಿ ಬೇಗ ಆರಿದಷ್ಟೂ ರೋಗಕ್ಕೆ ಅವಕಾಶ ಕಡಿಮೆ. ಸಾಲುಗಳು ಗಾಳಿ ಬೀಸುವ ದಿಕ್ಕಿಗೇ ಇದ್ದರೆ ಆರುವುದು ಬೇಗ.

ನೆಟ್‌ಹೌಸ್ ಕಟ್ಟುವವರು ಒಂದು ಮಾತು ಗಮನಿಸಬೇಕು. ಎಲೆ ಮುದುಡು ರೋಗ ಹರಡುವ ಬಿಳಿನೊಣವನ್ನು ತಡೆಯಲು ಕಣ್ಣು ಅತಿ ಸಣ್ಣದಾದ ಬಲೆ ಬೇಕು. ಕಣ್ಣು ಸಣ್ಣದಾದಷ್ಟೂ ಗಾಳಿಗೆ ಅಡ್ಡಿ ಹೆಚ್ಚು, ಒಳಗೆ ಸೆಕೆ ಏರುತ್ತದೆ. ಯಾವ ಬಲೆ ಎಷ್ಟು ಗಾಳಿಯನ್ನು ಬಿಡುತ್ತದೆ ಎಂಬುದನ್ನು ಸಣ್ಣ ಗಾಳಿ ಸುರಂಗಗಳಲ್ಲೇ ಅಳೆಯುತ್ತಾರೆ. ಸಣ್ಣ ಕಣ್ಣಿನ ಬಲೆ ಹಾಕುವುದಾದರೆ ಗಾಳಿ ಬರುವ ಬಲೆಯ ವಿಸ್ತಾರವನ್ನು ಹೆಚ್ಚಿಸಿ ಆ ಕೊರತೆ ತುಂಬಬೇಕು.

ಔಷಧಿ ಸಿಂಪಡಣೆಗೂ ಸುರಂಗದ ಪಾಠ ಇದೆ. ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕಿಂತ ಸಣ್ಣ ಹನಿಗಳು ಎಲೆ ತಲುಪದೆ ಗಾಳಿಯಲ್ಲಿ ತೇಲಿ ಪಕ್ಕದ ಹೊಲಕ್ಕೆ, ಕೆರೆಗೆ, ಸಿಂಪಡಿಸುವವರ ಮೂಗಿಗೆ ಹೋಗುತ್ತವೆ. ಗಾಳಿ ಮೆಲ್ಲಗಿರುವ ಹೊತ್ತಿನಲ್ಲಿ, ತೀರಾ ಮಂಜಿನಂತೆ ಹನಿ ಒಡೆಯದ ನಾಜಲ್ ಬಳಸಿ ಸಿಂಪಡಿಸಿ.

ರಾಗಿ ಹೊಲದ ಅಲೆಗಳು

ರಾಗಿ ಹೊಲದ ಮೇಲೆ ಗಾಳಿ ಬೀಸಿದಾಗ ಅಲೆಗಳು ಓಡುವುದನ್ನು ನೀವು ನೋಡಿರುತ್ತೀರಿ. ಬೆಳೆಯ ಮೇಲೆ ಗಾಳಿ ವೇಗವಾಗಿಯೂ ಒಳಗೆ ತೀರಾ ನಿಧಾನವಾಗಿಯೂ ಇರುವುದರಿಂದ ಎರಡರ ಗಡಿಯಲ್ಲಿ ಸುಳಿಗಳು ಉರುಳುತ್ತಾ ಸಾಗುತ್ತವೆ. ಅವು ಹಾದುಹೋದ ಕಡೆ ತೆನೆ ಬಾಗಿ ಮೇಲೇಳುತ್ತದೆ. 1978ರಲ್ಲಿ ಆಸ್ಟ್ರೇಲಿಯಾದ ಫಿನಿಗನ್ ಮತ್ತು ಮಲ್‌ಹರ್ನ್ ಬಳುಕುವ ಮಾದರಿ ಬೆಳೆಯನ್ನು ಗಾಳಿ ಸುರಂಗದಲ್ಲಿಟ್ಟು ಈ ಅಲೆಗಳನ್ನು ಅಭ್ಯಸಿಸಿದರು. ಹೊಲದಿಂದ ತೇವ, ಪರಾಗ, ರೋಗದ ಬೀಜಾಣು ಮೇಲೆ ಹೋಗುವುದೂ, ಹೊಸ ಗಾಳಿ ಒಳಗಿಳಿಯುವುದೂ ಹೆಚ್ಚಾಗಿ ಈ ಸುಳಿಗಳ ಮೂಲಕವೇ. ಸುಳಿಯ ತಾಳ ದಂಟಿನ ತೂಗಾಟದ ತಾಳಕ್ಕೆ ಕೂಡಿಬಂದಾಗ ಒದ್ದೆ ನೆಲದಲ್ಲಿ ಬೆಳೆ ಮಲಗುವ ಅಪಾಯ ಹೆಚ್ಚು. ಗಿಡ್ಡ, ಗಟ್ಟಿ ದಂಟಿನ ತಳಿಗಳಿಗೆ ಬೆಲೆ ಬಂದದ್ದು ಇದೇ ಕಾರಣಕ್ಕೆ.

ನೀವೇ ಮಾಡಿ ನೋಡಬಹುದಾದ ಅಳತೆ

ಮಗಳನ್ನು ಜೊತೆಗೆ ಕರೆದುಕೊಳ್ಳಿ. ಸಾಲು ಇರುವ ಯಾವುದಾದರೂ ತೋಟದಲ್ಲಿ, ಮರದ ಎತ್ತರದ ಎರಡು, ಐದು, ಹತ್ತು, ಹದಿನೈದು ಪಟ್ಟು ದೂರದಲ್ಲಿ ಒಂದೇ ಎತ್ತರದ ಕೋಲುಗಳನ್ನು ನೆಟ್ಟು ತುದಿಗೆ ತೆಳು ಬಟ್ಟೆಯ ಪಟ್ಟಿ ಕಟ್ಟಿ. ಬಯಲಿನಲ್ಲೂ ಒಂದು ಕೋಲು ಇರಲಿ. ಗಾಳಿ ಬೀಸುವಾಗ ಎಲ್ಲವನ್ನೂ ಒಟ್ಟಿಗೆ ಮೊಬೈಲಿನಲ್ಲಿ ಚಿತ್ರೀಕರಿಸಿ. ಪಟ್ಟಿ ಎಷ್ಟು ಮೇಲೆದ್ದಿದೆ, ಎಷ್ಟು ಸುತ್ತುತ್ತಿದೆ ಎಂಬುದು ಮರೆಯ ಮಟ್ಟವನ್ನು ಹೇಳುತ್ತದೆ. ಸಾಲಿನ ಆಚೆಯಿಂದ ಬೆಳಕು ಬರುವ ಹೊತ್ತಿನಲ್ಲಿ ಅದರ ಫೋಟೋ ತೆಗೆದು, ಎಲೆಗಳ ನಡುವೆ ಆಕಾಶ ಎಷ್ಟು ಕಾಣುತ್ತದೆ ನೋಡಿ. ಹತ್ತಿರ ಹತ್ತಿರ ಅರ್ಧ ಕಂಡರೆ ಸಾಲು ಸರಿಯಾಗಿದೆ. ತೀರಾ ಕಡಿಮೆ ಕಂಡರೆ ಕೆಲವು ರೆಂಬೆ ಸವರಿ, ಹೆಚ್ಚು ಕಂಡರೆ ಇನ್ನೊಂದು ಸಾಲು ಸೇರಿಸಿ.

ದಿಕ್ಕಿನ ವಿಚಾರವೂ ಇದೆ. ಜೂನ್‌ನಿಂದ ಬೀಸುವ ಮುಂಗಾರು ಗಾಳಿ ಪಡುವಣದಿಂದ, ನೈಋತ್ಯದಿಂದ ಬರುತ್ತದೆ. ತಡವಾಗಿ ಕೊಯ್ಯುವ ತೋತಾಪುರಿಗೆ ಆ ಕಡೆಯ ಸಾಲು ನೇರ ಆಸರೆ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯ ಗಾಳಿ ಹಾಗಲ್ಲ. ಮೋಡದಿಂದ ತಣ್ಣನೆಯ ಗಾಳಿ ಕೆಳಗೆ ಅಪ್ಪಳಿಸಿ ಎಲ್ಲ ಕಡೆಗೂ ಹರಡುತ್ತದೆ, ಯಾವ ದಿಕ್ಕಿನಿಂದಲಾದರೂ ತೋಟಕ್ಕೆ ಬರಬಹುದು. ಪಡುವಣಕ್ಕೆ ಮೊದಲು ನೆಡಿ, ಆಮೇಲೆ ಉಳಿದ ಬದುಗಳಿಗೂ ವಿಸ್ತರಿಸಿ. ಆಲಿಕಲ್ಲು ಮಳೆಯನ್ನು ಯಾವ ಸಾಲೂ ತಡೆಯದು, ಆದರೆ ವರ್ಷವರ್ಷದ ಸಾಧಾರಣ ಬಿರುಗಾಳಿಯ ನಷ್ಟ ಖಂಡಿತ ತಗ್ಗುತ್ತದೆ.

ಸಸಿ ಕೊಳ್ಳುವ ಮುಂಚೆ ನಿಮ್ಮದೇ ತಾಲ್ಲೂಕಿನ ಹೊಗಳಗೆರೆಯ ಮಾವು ಕೇಂದ್ರದಲ್ಲೋ ಕೋಲಾರದ ಟಮಕದ ಕೃಷಿ ವಿಜ್ಞಾನ ಕೇಂದ್ರದಲ್ಲೋ ತೋಟದ ನಕ್ಷೆ ತೋರಿಸಿ ವಿಚಾರಿಸಿ. ವಿಜ್ಞಾನಿಗಳಿಗೂ ಒಂದು ಮನವಿ ಇದೆ. ಶ್ರೀನಿವಾಸಪುರದಿಂದ ಬೆಂಗಳೂರಿನ ಸುರಂಗಗಳಿಗೆ ಕೆಲವೇ ಗಂಟೆಗಳ ದಾರಿ. ಕಾಯಿ ತುಂಬಿದ ತೋತಾಪುರಿ ಕೊಂಬೆ, ತೆನೆ ಬಿಟ್ಟ ರಾಗಿ, ಕಡ್ಡಿ ಕಟ್ಟಿದ ಟೊಮೆಟೊ ಸಾಲು, ಸರ್ವೆಯ ಬೇಲಿ, ಇವುಗಳನ್ನೂ ಆ ಗಾಳಿಗೆ ಒಡ್ಡಿ ಅಳೆದು, ಫಲಿತಾಂಶವನ್ನು ಕನ್ನಡದಲ್ಲಿ ರೈತರ ಕೈಗೆ ಕೊಡಬೇಕು. ನೀವು ಅಲ್ಲಿಯವರೆಗೂ ಕಾಯಬೇಕಿಲ್ಲ. ಈ ಮುಂಗಾರಿನಲ್ಲೇ ಪಡುವಣ ಬದುವಿಗೆ ಸಾಲು ನೆಡಿ. ಮರ ಸಾಕಷ್ಟು ಎತ್ತರ ಬೆಳೆಯಲು ಕೆಲವು ವರ್ಷ ಬೇಕು.